ನೀರು ಹೊಡೆಯುವ ಪಾಳಿ

ಬಾಲವಾಡಿಯ ಚಾಪೆಯ ಮೇಲೆ ಕೂತಿದ್ದ ಹೆಂಗಸರ ಎದುರಿಗೆ ನಿಂತು ಆ ಹುಡುಗಿ, ನಾಚಿಕೆಯನ್ನೆಲ್ಲ ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬಂದವಳಂತೆ, ಕೇಳಿಯೇಬಿಟ್ಟಳು.

“ಕೆಮ್ಮಿದಾಗ, ನಕ್ಕಾಗ, ಬುಟ್ಟಿ ಎತ್ತಿದಾಗ ಯಾರ್ಯಾರಿಗೆ ಒಂದಕ್ಕ ಜಾರತೈತ್ರಿ? ಕೈ ಎತ್ತರಿ ನೋಡೋಣು.”

ಶಿವವ್ವನ ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಇನ್ಯಾರೋ ಸೆರಗನ್ನು ಬಾಯಿಗೆ ತುರುಕಿಕೊಂಡರು. ಗೋಡೆಯ ಮೇಲಿನ ಆನೆ, ಒಂಟೆ, ಬಾಳೆಹಣ್ಣಿನ ಚಿತ್ರಗಳನ್ನು ನೋಡುತ್ತ ಎಲ್ಲರೂ ಏಕಾಏಕಿ ಅಕ್ಷರ ಕಲಿಯುವವರಾಗಿಬಿಟ್ಟರು. ಇಂಥ ಮಾತನ್ನು ಶಿವವ್ವ ಹಡೆದ ತಾಯಿಯ ಹತ್ತಿರ ಆಡಿದವಳಲ್ಲ, ಕಟ್ಟಿಕೊಂಡ ಗಂಡ ಬದುಕಿದ್ದಷ್ಟು ದಿನವೂ ಅವನ ಹತ್ತಿರ ಆಡಿದವಳಲ್ಲ. ನಿನ್ನೆ ಮೊನ್ನೆ ಹುಟ್ಟಿದ ಈ ಹುಡುಗಿ ಕೊತ್ತಂಬರಿ ಬೇಕೇ ಅಂತ ಕೇಳುವ ಹಾಗೆ ಕೇಳುತ್ತಿದ್ದಾಳೆ!

ಹುಡುಗಿಯ ಹೆಸರು ವಿದ್ಯಾ. ಬಾಗಲಕೋಟೆಯಿಂದ ಈ ಕೊಂಕಣಿ ನಾಡಿಗೆ ಗಣಿ ಲಾರಿ ಓಡಿಸಲು ಬಂದ ಅವಳ ಅಪ್ಪ ಸಾಂಖಳಿಯಲ್ಲೇ ನಿಂತುಬಿಟ್ಟವನಂತೆ. ಗುಳಿಗೆ ಸೂಜಿ ಕೊಡುವ ಡಾಕ್ಟರಲ್ಲ ಅವಳು, ವ್ಯಾಯಾಮ ಮಾಡಿಸಿ ಮೈ ಸರಿಮಾಡುವ ಫಿಜಿಯೋ. ಕೊರ್ತಾಲಿಮ್‌ನ ಈ ಸಾಲು ಖೋಲಿಗಳಲ್ಲಿ ಕನ್ನಡದ ಹೆಂಗಸರೇ ತುಂಬಿದ್ದಾರೆ, ಎಲ್ಲರೂ ಕಟ್ಟಡದ ಕೆಲಸಕ್ಕೆ ಹೋಗುವವರು ಅಂತ ಯಾರೋ ಹೇಳಿ ಕರೆಸಿದ್ದರು. ಅವತ್ತು ಸೈಟಿಗೆ ರಜೆ. ಮಕ್ಕಳಿಗೆ ಕೊಡುವ ಹಿಟ್ಟಿನ ಪೊಟ್ಟಣ ಸಿಗುತ್ತದೆಂದು ಬಂದವರೇ ಹೆಚ್ಚು. ಶಿವವ್ವ ಬಂದದ್ದೂ ಅದಕ್ಕೇ. ಪಕ್ಕದಲ್ಲಿ ಸೊಸೆ ಗೀತಾಂಜಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

ಗೀತಾಂಜಲಿ ಮಾತ್ರ ಅರ್ಧ ಕೈ ಎತ್ತಿದಳು. ಎತ್ತಿದ ಕೈಯಿಂದಲೇ ತಲೆ ಕೆರೆದುಕೊಂಡು ಇಳಿಸಿದಳು.

ಪಾಪದ ಹುಡುಗಿ. ಹಿರಿಯ ಕೂಸು ಊರಲ್ಲಿ ತವರಿನವರ ಹತ್ತಿರ ಇತ್ತು, ಇದು ಎರಡನೆಯದು; ಇದರ ಹೆರಿಗೆಯಾದ ಮೇಲೆ ಅವಳಿಗೆ ಈ ಕಾಟ ಶುರುವಾಗಿತ್ತು. ಮೊದಲೆಲ್ಲ ಸೈಟಿನಲ್ಲಿ ಅವಳ ನಗು ಮೂರನೆಯ ಮಹಡಿಗೆ ಕೇಳುತ್ತಿತ್ತು. ಈಗ ಯಾರಾದರೂ ಚೇಷ್ಟೆ ಮಾಡಿದರೆ ಅಲ್ಲಿಂದ ಎದ್ದು ಹೋಗುತ್ತಿದ್ದಳು. ಒಂದು ದಿನ ಅತ್ತೆಯ ಮುಂದೆ ಅತ್ತುಕೊಂಡು ಹೇಳಿಕೊಂಡಾಗ ಶಿವವ್ವ ಹಿಂದೆ ಮುಂದೆ ನೋಡದೆ ದಾರಿ ತೋರಿಸಿದ್ದಳು: “ಊರಿಗೆ ಹೋಗಿ ಚೀಲ ತೆಗಸಿಕೊಂಡ ಬಾ. ನಾ ತೆಗಸಿಕೊಂಡಿಲ್ಲೇನು? ಹೂವಿನಂಗ ಅದೀನಿ.” ಗರ್ಭಚೀಲ ಅನ್ನುವಷ್ಟು ಉದ್ದ ಯಾರೂ ಹೇಳುವುದಿಲ್ಲ, ಚೀಲ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಊರ ಕಡೆ ಒಂದು ಖಾಸಗಿ ದವಾಖಾನೆಯಿತ್ತು. ಹಬ್ಬಕ್ಕೋ ಮದುವೆಗೋ ಹೋದವರು ಹಲ್ಲು ಕೀಳಿಸಿಕೊಂಡಷ್ಟು ಸಲೀಸಾಗಿ ಚೀಲ ತೆಗೆಸಿಕೊಂಡು ಬರುತ್ತಿದ್ದರು. ಈ ಸಾಲಿನಲ್ಲಿ ಮೊದಲು ಹೋಗಿ ಬಂದವಳು ಶಿವವ್ವ. ಅವಳನ್ನು ನೋಡಿ ಸುರೇಖಾ, ಸುರೇಖಾಳನ್ನು ನೋಡಿ ಲಮಾಣಿಗರ ಚಂದ್ರಿಬಾಯಿ. ಈಗ ಗೀತಾಂಜಲಿಯ ಸರದಿ. ಇವತ್ತು ಸಂಜೆಯ ಬಸ್ಸಿಗೆ ಅವಳು ಗಂಡನ ಜೊತೆ ಹೊರಡಬೇಕು, ನಾಳೆ ಆಪರೇಶನ್.

ಆದರೆ ಶಿವವ್ವ ಹೂವಿನ ಹಾಗೇನೂ ಇರಲಿಲ್ಲ.

ಚೀಲ ಹೋದರೂ ಜಾರುವುದು ನಿಂತಿರಲಿಲ್ಲ. ಹಳೆಯ ಸೀರೆ ಹರಿದು ಮಡಚಿ ಇಟ್ಟುಕೊಂಡೇ ಅವಳು ಕೆಲಸಕ್ಕೆ ಹೋಗುತ್ತಿದ್ದಳು. ಗಾಢ ಬಣ್ಣದ ಸೀರೆ ಬಿಟ್ಟು ಬೇರೆ ಉಡುತ್ತಿರಲಿಲ್ಲ, ಮಧ್ಯಾಹ್ನದವರೆಗೆ ನೀರು ಮುಟ್ಟುತ್ತಿರಲಿಲ್ಲ. ದವಾಖಾನೆಯಿಂದ ಬಂದವಳು ಸುಧಾರಿಸಿಕೊಳ್ಳದೆ ಬುಟ್ಟಿ ಹೊತ್ತೆ, ನನ್ನ ಕೈಯಾರೆ ನಾನೇ ಕೆಡಿಸಿಕೊಂಡೆ, ಉಳಿದವರೆಲ್ಲ ಆರಾಮಾಗಿದ್ದಾರೆ ಅಂತ ನಂಬಿದ್ದಳು. ಹಾಗೆ ನಂಬಿದ್ದರಿಂದಲೇ ಸೊಸೆಗೆ ಧೈರ್ಯವಾಗಿ ಹೇಳಿದ್ದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಅವಳನ್ನು ಕಾಪಾಡುತ್ತಿದ್ದದ್ದು ನೀರಿನ ಪೈಪು. ಸ್ಲ್ಯಾಬ್ ಹಾಕಿದ ಮೇಲೆ ಕಾಂಕ್ರೀಟು ಬಿರಿಯದಂತೆ ದಿನವೂ ನೀರು ಹೊಡೆಯಬೇಕು. ಪೈಪು ಹಿಡಿದವಳ ಸೀರೆ ಮೊಣಕಾಲಿನಿಂದ ಸೊಂಟದವರೆಗೆ ತೊಯ್ದಿದ್ದರೂ ಯಾರೂ ಯಾಕೆ ಅಂತ ಕೇಳುವುದಿಲ್ಲ. ಅದಕ್ಕೇ ಕೆಲಸ ಹಂಚುವ ಮುಕಾದಮ ಖೇಮಪ್ಪ ಪೈಪು ಬಿಚ್ಚುವುದೇ ತಡ, ಶಿವವ್ವ ಓಡಿ ಹೋಗಿ ಹಿಡಿಯುತ್ತಿದ್ದಳು. ಕಷ್ಟವೆಂದರೆ ಸುರೇಖಾಳೂ ಓಡಿ ಬರುತ್ತಿದ್ದಳು, ಚಂದ್ರಿಬಾಯಿಯೂ ಬರುತ್ತಿದ್ದಳು. ಮೂವರೂ ಪೈಪಿಗಾಗಿ ಮಾಡಿದ ಜಗಳ ಇಡೀ ಸೈಟಿಗೇ ತಮಾಷೆಯಾಗಿತ್ತು. ಹೋದ ವಾರ ಸುರೇಖಾ ಪೈಪು ಕಸಿದುಕೊಂಡಾಗ ಶಿವವ್ವ ಅವಳ ತವರುಮನೆಯವರನ್ನೂ ಬಿಡದೆ ಬೈದಿದ್ದಳು. ಮೈಗಳ್ಳಿ, ಬುಟ್ಟಿ ಹೊರಲು ಸೋಮಾರಿತನ ಅಂದಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇವತ್ತು ಸುರೇಖಾ ಬಾಲವಾಡಿಯ ಆ ತುದಿಯಲ್ಲಿ, ಶಿವವ್ವ ಈ ತುದಿಯಲ್ಲಿ.

ಯಾರೂ ಕೈ ಎತ್ತದಿದ್ದರೂ ವಿದ್ಯಾಳಿಗೆ ಬೇಜಾರಾಗಲಿಲ್ಲ. ಸೊಂಟಕ್ಕೆ ಎರಡೂ ಕೈ ಕೊಟ್ಟುಕೊಂಡು ಹೇಳತೊಡಗಿದಳು.

“ಕೂಸಿಗೆ ಕಟ್ಟೋ ಜೋಳಿ ನೋಡೀರಲ್ಲ? ಹಂಗ ಕೆಳಗ ಒಂದು ಮಾಂಸದ ಜೋಳಿ ಐತಿ, ಮುಂದಿನ ಎಲುಬಿನಿಂದ ಹಿಂದಿನ ಎಲುಬಿನ ತನಕ. ಒಳಗಿಂದೆಲ್ಲ ಅದರ ಮ್ಯಾಲ ಕುಂತೈತಿ. ಹಡದಮ್ಯಾಲ, ಭಾರ ಹೊತ್ತ ಹೊತ್ತ ಅದು ಸಡಲ ಬೀಳತೈತಿ. ಅದನ್ನ ದಿನಾ ಬಿಗಿ ಮಾಡಿದ್ರ ಗಟ್ಟಿ ಆಗತೈತಿ. ಹ್ಯಾಂಗ ಬಿಗಿ ಮಾಡೋದು? ಮಂದಿ ನಡುವ ಹೂಸು ಬಂದ್ರ ಹ್ಯಾಂಗ ತಡಕೋತೀರಿ, ಹಂಗ.”

ಚಾಪೆಯ ಮೇಲೆ ನಗುವಿನ ಗದ್ದಲ ಎದ್ದಿತು. ಶಿವವ್ವನಿಗೆ ನಗು ಬರಲಿಲ್ಲ. ಕಲಿತವರು ಇಂಥದ್ದನ್ನೂ ಕಾಲೇಜಿನಲ್ಲಿ ಕಲಿಯುತ್ತಾರೆಯೇ ಅಂತ ಅವಳು ದಂಗಾಗಿದ್ದಳು.

“ನಗಬ್ಯಾಡ್ರಿ, ಮಾಡ್ರಿ,” ಅಂದಳು ವಿದ್ಯಾ.

ಎಲ್ಲರೂ ಮಾಡಿದರು. ಮಾಡಿದ್ದೇನು? ಬುಟ್ಟಿ ಎತ್ತುವಾಗ ಮಾಡುವ ಹಾಗೆ ಉಸಿರು ಕಟ್ಟಿ, ಗಂಟಲ ನರ ಉಬ್ಬಿಸಿ ಹುಂ ಎಂದು ತಿಣುಕಿದರು. ವಿದ್ಯಾ ತಲೆಯ ಮೇಲೆ ಕೈ ಹೊತ್ತುಕೊಂಡಳು.

“ಅಯ್ಯೋ ಯವ್ವಾ! ಎಲ್ಲಾರೂ ಕೆಳಗ ದಬ್ಬಾಕತ್ತೀರಿ! ದಬ್ಬಿದ್ರ ಇದ್ದ ಜೋಳಿನೂ ಜೋತ ಬೀಳತೈತಿ. ಒಳಗ ಎಳಕೋರಿ, ಮ್ಯಾಲಕ್ಕ. ಹೊಟ್ಟಿ ಬಿಗೀಬ್ಯಾಡ್ರಿ, ಉಸಿರಾಡಕೋತ ಇರ್ರಿ.”

ಒಬ್ಬೊಬ್ಬರ ಹತ್ತಿರ ಹೋಗಿ ಹೊಟ್ಟೆಯ ಮೇಲೆ ಕೈಯಿಟ್ಟು ತಿದ್ದಿದಳು. ಶಿವವ್ವನ ಹತ್ತಿರ ಬಂದಾಗ, “ಅಕ್ಕಾ, ನೀವೂ ದಬ್ಬಾಕತ್ತೀರಿ ನೋಡ್ರಿ,” ಅಂದಳು. ಇಡೀ ಜನ್ಮ ಬುಟ್ಟಿ ಎತ್ತಿದಾಗೆಲ್ಲ ಹೀಗೇ ದಬ್ಬಿದ್ದೇನೆ ಎಂಬುದು ಶಿವವ್ವನಿಗೆ ಆಗ ಹೊಳೆಯಿತು. ಇನ್ನೊಮ್ಮೆ ಪ್ರಯತ್ನ ಮಾಡಿದಳು. ಒಳಗೆ ಎಲ್ಲೋ ಸಣ್ಣದಾಗಿ ಏನೋ ಮೇಲಕ್ಕೆದ್ದಂತಾಗಿ ತಕ್ಷಣವೇ ಜಾರಿಹೋಯಿತು.

“ಹಾಂ, ಇದ! ದಿನಾ ಮಾಡಬೇಕು, ತಿಂಗಳಗಟ್ಟಲೆ ಮಾಡಬೇಕು,” ಅಂದ ವಿದ್ಯಾ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿದಳು. “ಈಗ ಮೊದಲ ಎಳಕೋರಿ, ಆಮ್ಯಾಲ ಜೋರ ಕೆಮ್ಮರಿ. ಎತ್ತೂಕಿಂತ ಮೊದಲ, ಕೆಮ್ಮೂಕಿಂತ ಮೊದಲ ಎಳಕೊಳ್ಳೋದು ರೂಢಿ ಆಗಬೇಕು.”

ಕೆಮ್ಮು! ಬಂದಾಗ ಕೊಟ್ಟ ಚಹಾವನ್ನು ಶಿವವ್ವ ಪೂರಾ ಕುಡಿದುಬಿಟ್ಟಿದ್ದಳು. ಬಾಲವಾಡಿಯ ತುಂಬ ಖೊಕ್ ಖೊಕ್ ಶುರುವಾಯಿತು. ಅವಳು ಸೀರೆಯೊಳಗೆ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹೆಣೆದು, ಬಾಯಿಯ ತುದಿಯಲ್ಲಿ ಸುಳ್ಳು ಕೆಮ್ಮು ಕೆಮ್ಮಿದಳು. ಯಾರಾದರೂ ನೋಡಿದರೇನೋ ಅಂತ ಕಣ್ಣೆತ್ತಿದಳು.

ಆ ತುದಿಯಲ್ಲಿ ಸುರೇಖಾ ನಿಂತಿದ್ದಳು. ಅವಳೂ ಬಾಯಿಯ ತುದಿಯಲ್ಲೇ ಕೆಮ್ಮುತ್ತಿದ್ದಳು. ಅವಳ ಸೀರೆಯ ಕೆಳಗೆ ಎಡಪಾದ ಬಲಗಡೆ ಬಂದಿತ್ತು, ಬಲಪಾದ ಎಡಗಡೆ ಹೋಗಿತ್ತು. ಕಾಲು ಹೆಣೆದಿತ್ತು.

ಶಿವವ್ವ ಕಣ್ಣು ಕಿತ್ತು ಚಂದ್ರಿಬಾಯಿಯ ಕಡೆ ನೋಡಿದಳು. ಕನ್ನಡಿ ಹೊಲಿದ ಲಂಗದ ಕೆಳಗೆ ಅವಳ ಬೆಳ್ಳಿಯ ಕಡಗಗಳು ಒಂದರ ಮೇಲೊಂದು ಕೂತಿದ್ದವು. ಅವಳದ್ದೂ ಹೆಣೆದಿತ್ತು.

ಚೀಲ ತೆಗೆಸಿಕೊಂಡ ಮೂವರೂ ಕಾಲು ಹೆಣೆದು ನಿಂತಿದ್ದರು.

ಆ ನಿಲುವನ್ನು ಶಿವವ್ವನಷ್ಟು ಚೆನ್ನಾಗಿ ಬಲ್ಲವರು ಇನ್ಯಾರಿದ್ದಾರೆ? ಆಗ ಪೈಪು ನೆನಪಾಯಿತು. ಮೂವರೂ ಓಡಿ ಬರುತ್ತಿದ್ದದ್ದು, ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡದ್ದು, ತಾನು ಬೈದ ಬೈಗುಳ. ಅಯ್ಯೋ ದೇವರೇ, ಸೋಮಾರಿತನಕ್ಕಲ್ಲ! ಒದ್ದೆ ಸೀರೆಗೆ ನೆಪ ಬೇಕಾಗಿತ್ತು, ಮೂವರಿಗೂ! ಮೂವರೂ ಒಬ್ಬರಿಗೊಬ್ಬರು ಹೂವಿನಂಗ ಅದೀನಿ ಅಂತ ಸುಳ್ಳು ಹೇಳಿಕೊಂಡು, ಮೂವರೂ ನಾನೊಬ್ಬಳೇ ಕೆಟ್ಟವಳು ಅಂತ ನಂಬಿಕೊಂಡು, ಒಂದು ಪೈಪಿಗಾಗಿ ಹೊಡೆದಾಡಿದ್ದೆವಲ್ಲ!

ಅಷ್ಟರಲ್ಲಿ ಗೀತಾಂಜಲಿ ಮೆಲ್ಲಗೆ ವಿದ್ಯಾಳನ್ನು ಕೇಳುತ್ತಿದ್ದಳು: “ಅಕ್ಕಾರ, ನಾಳೆ ನನ್ನ ಚೀಲ ತೆಗೀತಾರ್ರಿ. ಆಮ್ಯಾಲ ಇದನ್ನ ಮಾಡಬೇಕೇನ್ರಿ?”

“ಯಾಕ ತೆಗೀತಾರ? ರಕ್ತ ಭಾಳ ಹೋಗತೈತೇನು? ಗಡ್ಡಿ ಐತೇನು?”

“ಇಲ್ರಿ. ಬರೇ ಇದ ಜಾರೋದಕ್ಕ.”

ವಿದ್ಯಾಳ ಮುಖ ಬಿಳಿಚಿಕೊಂಡಿತು. “ಜಾರೋದಕ್ಕ ಚೀಲ ತೆಗೀತಾರ? ಕೂಸಿನ ಚೀಲ ಬ್ಯಾರೆ, ಉಚ್ಚಿ ಚೀಲ ಬ್ಯಾರೆ ಅಕ್ಕಾ. ಅದನ್ನ ತೆಗದ್ರ ಇದು ನಿಂದ್ರೂದಿಲ್ಲ. ಹೋದ ಚೀಲ ಮತ್ತ ಬರೂದಿಲ್ಲ. ಇಷ್ಟ ಸಣ್ಣಾಕಿ ನೀನು! ಮೊದಲ ಇಲ್ಲೆ ಸರಕಾರಿ ದವಾಖಾನ್ಯಾಗ ತೋರಸೋಣು, ನಾನ ಬರತೀನಿ.”

ಗೀತಾಂಜಲಿ ಸಣ್ಣಗೆ ನಕ್ಕು, “ಇಲ್ರಿ ಅಕ್ಕಾರ, ಚೀಲ ತೆಗಸಿದ ಮ್ಯಾಲ ನಮ್ಮತ್ತಿಗೆ ನಿಂತೈತ್ರಿ, ಪೂರಾ ಆರಾಮ ಆಗೇತಿ. ಅವರು ಸುಳ್ಳ ಹೇಳೋ ಮಂದಿ ಅಲ್ರಿ,” ಅಂದಳು.

ವಿದ್ಯಾ ತಿರುಗಿ ಶಿವವ್ವನನ್ನು ನೋಡಿದಳು. ಎಲ್ಲರೂ ನೋಡಿದರು. ಶಿವವ್ವ ಬಾಯಿ ತೆರೆದಳು. “ಹೌದು,” ಅಂದುಬಿಟ್ಟಳು. ರೂಢಿಯಾದ ಮಾತು, ತಾನಾಗಿಯೇ ಹೊರಬಿತ್ತು. ಅದು ತನ್ನ ದನಿಯೇ ಅಂತ ಅವಳೇ ಬೆಚ್ಚಿದಳು.

ಹೊರಗೆ ನಲ್ಲಿಯ ಹತ್ತಿರ ಸುರೇಖಾ ಮುಖ ತೊಳೆಯುತ್ತಿದ್ದಳು. ಮಾತು ಬಿಟ್ಟದ್ದನ್ನೆಲ್ಲ ಮರೆತು ಶಿವವ್ವ ಅವಳ ರಟ್ಟೆ ಹಿಡಿದಳು.

“ಸುರೇಖಾ, ನಿನಗೂ?”

ಸುರೇಖಾ ಸುತ್ತ ನೋಡಿದಳು. “ನೀ ಆರಾಮ ಆಗೀನಿ ಅಂದಿದ್ದಿ ಶಿವಕ್ಕಾ. ನಂದೊಂದು ಹಣೇಬರ ಖೊಟ್ಟಿ ಅಂದಕೊಂಡು ಸುಮ್ಮನಿದ್ದೆ. ಚಂದ್ರಿಗೆ ನಾನೂ ಹಂಗ ಹೇಳಿದೆ. ನಿನಗ?”

ತನಗೂ ನಿಂತಿಲ್ಲವೆಂದು ಶಿವವ್ವ ತಲೆಯಾಡಿಸಿದಳು.

“ಹಂಗಾದ್ರ ಗೀತಾ?” ಅಂದಳು ಸುರೇಖಾ. “ಆಕಿ ಇವತ್ತ ಹೊಂಟಾಳಲ್ಲ!”

ಗೀತಾಂಜಲಿ ಆಗಲೇ ಕೂಸನ್ನೆತ್ತಿಕೊಂಡು ಖೋಲಿಯ ಕಡೆ ಹೋಗಿದ್ದಳು. ಶಿವವ್ವ ಹೋಗಿ ಹೇಳಬೇಕೆಂದು ಹೊರಟಳು. ಖೋಲಿಯಲ್ಲಿ ಮಗ ಶಂಕರಲಿಂಗ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ವಾಸ್ಕೋದ ಬಂದರಿನಲ್ಲಿ ಹಮಾಲಿ ಮಾಡುವವನು, ರಜೆ ಕೇಳಿಕೊಂಡು ಬಂದಿದ್ದ. ಮಗನ ಎದುರಿಗೆ ಆ ಮಾತು ಹ್ಯಾಗೆ ಆಡುವುದು? ಅವನು ಹೊರಗೆ ಹೋಗಲಿ ಅಂತ ಕಾದಳು, ಅವನು ಹೋಗಲಿಲ್ಲ. ಸೊಸೆಯನ್ನು ಹಿತ್ತಲಿಗೆ ಕರೆದಳು, ಕೂಸು ಅತ್ತಿತು. ರೊಟ್ಟಿ ಕಟ್ಟಿಕೊಟ್ಟಳು, ಚಟ್ನಿಪುಡಿ ಕಟ್ಟಿಕೊಟ್ಟಳು. ಜೀವಮಾನವಿಡೀ ಮುಚ್ಚಿಟ್ಟುಕೊಂಡ ಹೇಸಿಗೆಯನ್ನು ಹಡೆದ ಮಗನ ಮುಂದೆ ಬಿಚ್ಚುವುದಕ್ಕಿಂತ ಸಾಯುವುದು ವಾಸಿ ಅನ್ನಿಸಿತು ಅವಳಿಗೆ.

ಹೀಗೆ ಸಾಯುವುದು ವಾಸಿ ಅಂದುಕೊಳ್ಳುತ್ತಲೇ ಬಸ್ಸು ನಿಲ್ಲುವ ಕಡೆಗೆ ಬಂದಾಗಿತ್ತು. ಜುವಾರಿ ಸೇತುವೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಬಸ್ಸು ಬಂದೇಬಿಟ್ಟಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, “ಬೆಳಗಾವಿ, ಬಾಗಲಕೋಟಿ, ವಿಜಾಪುರ!” ಅಂತ ಕೂಗುತ್ತಿದ್ದ. ಗೀತಾಂಜಲಿ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು.

“ಅಂಜಿಕಿ ಬರಾಕತ್ತೇತ್ರಿ ಅತ್ತಿ. ಭಾಳ ನೋಯತೈತೇನ್ರಿ?”

ಶಿವವ್ವ ರೊಟ್ಟಿಯ ಗಂಟನ್ನು ಅವಳ ಕೈಗಿಟ್ಟಳು. ಹುಡುಗಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು, ಕೂಸಿನ ಕೈ ಹಿಡಿದು ಟಾಟಾ ಮಾಡಿಸಿದಳು. ಇಪ್ಪತ್ತೈದು ತುಂಬದ ಮುಖ. ಶಂಕರಲಿಂಗ ಮೆಟ್ಟಿಲ ಮೇಲೆ ಕಾಲಿಟ್ಟ.

“ಶಂಕ್ರಾ, ಆಕಿನ್ನ ಇಳಸು!”

ಶಿವವ್ವನ ಕೂಗಿಗೆ ಪಾವು ಬ್ರೆಡ್ಡು ಮಾರುವವನೂ ಸೈಕಲ್ಲು ನಿಲ್ಲಿಸಿದ.

“ಯಾಕವ್ವಾ? ಏನಾತು?”

“ನನಗ ಆರಾಮ ಆಗಿಲ್ಲೊ.”

“ಜ್ವರ ಬಂದಾವೇನು?”

“ಜ್ವರ ಅಲ್ಲೊ! ಚೀಲ ತೆಗಸಿದ ಮ್ಯಾಲೂ ನನಗ ಉಚ್ಚಿ ಜಾರತೈತಿ. ಅವತ್ತೂ ಜಾರತಿತ್ತು, ಇವತ್ತೂ ಜಾರತೈತಿ. ಬಟ್ಟಿ ಇಟಗೊಂಡ ಅಡ್ಡಾಡತೀನಿ. ಸುರೇಖಾಗೂ ನಿಂತಿಲ್ಲ, ಚಂದ್ರಿಗೂ ನಿಂತಿಲ್ಲ. ಸುಳ್ಳ ಹೇಳೀನಿ ನಾನು. ಆಕಿ ಹೊಟ್ಟಿಗೆ ಕತ್ತರಿ ಹಾಕಸಬ್ಯಾಡ!”

ಕಂಡಕ್ಟರನ ಬಾಯಿ ವಿಜಾಪುರದ ‘ವಿ’ಯಲ್ಲೇ ನಿಂತಿತು. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆ ಮೂಡಿದವು. ಶಂಕರಲಿಂಗ ಅವ್ವನನ್ನು ಎಂದೂ ನೋಡದವನಂತೆ ನೋಡಿದ. ಕಪ್ಪು ಮುಖ ಇನ್ನಷ್ಟು ಕಪ್ಪಾಯಿತು, ಕಣ್ಣು ನೆಲ ನೋಡಿತು. ಶಿವವ್ವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ. ಅವಳು ನಡುರಸ್ತೆಯಲ್ಲಿ ಹಾಗೇ ನಿಂತಿದ್ದಳು.

ಗೀತಾಂಜಲಿ ಇಳಿದು ಬಂದಳು. ಅಳುತ್ತಾಳೆ, ತಬ್ಬಿಕೊಳ್ಳುತ್ತಾಳೆ ಅಂತ ನೀವು ಅಂದುಕೊಂಡಿದ್ದರೆ ಆ ಹುಡುಗಿಯನ್ನು ನೀವು ಅರಿತಿಲ್ಲ. ಅವಳ ಕಣ್ಣು ಕೆಂಡವಾಗಿತ್ತು.

“ಗೊತ್ತಿದ್ದೂ ಕಳಸಾಕತ್ತಿದ್ರೇನ್ರಿ ನನ್ನ?”

“ನಂದೊಂದ ಹಂಗಾಗೇತಿ ಅಂದಕೊಂಡಿದ್ನವ್ವಾ.”

“ಮಧ್ಯಾಹ್ನ ಗೊತ್ತಾತಲ್ರಿ! ಅಕ್ಕಾರ ಮುಂದ ಹೌದು ಅಂದ್ರಿ!”

ಗೀತಾಂಜಲಿ ಕೂಸನ್ನು ಹೆಗಲಿಗೇರಿಸಿಕೊಂಡು ಹಿಂದಿರುಗಿ ನೋಡದೆ ಖೋಲಿಯ ಕಡೆ ನಡೆದಳು. ಶಂಕರಲಿಂಗ ಚೀಲ ಇಳಿಸಿಕೊಂಡು, ಹೆಂಡತಿಗೂ ಅವ್ವನಿಗೂ ನಡುವೆ ಅಂತರ ಬಿಟ್ಟು, ಇಬ್ಬರನ್ನೂ ಮಾತಾಡಿಸದೆ ನಡೆದ. ಆ ಮನೆಯಲ್ಲಿ ಅವತ್ತು ಕೂಸೊಂದನ್ನು ಬಿಟ್ಟರೆ ಯಾರೂ ಬಾಯಿ ಬಿಡಲಿಲ್ಲ.

ಮರುದಿನ ಸೈಟಿನಲ್ಲಿ ಹೆಂಗಸರೆಲ್ಲ ಶಿವವ್ವನನ್ನು ಕಂಡು ದನಿ ತಗ್ಗಿಸಿದರು. ಬಸ್ಸಿನ ಹತ್ತಿರದ ಮಾತು ಕೊರ್ತಾಲಿಮ್ ದಾಟಿ ಹೋಗಿತ್ತೋ ಏನೋ. ಖೇಮಪ್ಪ ಪೈಪು ಬಿಚ್ಚಿ ಹಿಡಿದು, ದಿನದಂತೆ ಜಗಳಕ್ಕೆ ತಯಾರಾಗಿ, “ಯಾರು ತಗೋತೀರಿ? ಲಗೂನ ಹೇಳ್ರಿ, ತಲಿ ತಿನಬ್ಯಾಡ್ರಿ,” ಅಂದ.

ಯಾರೂ ಓಡಿ ಬರಲಿಲ್ಲ.

“ಶಿವಕ್ಕಗ ಕೊಡ್ರಿ,” ಅಂದಳು ಸುರೇಖಾ. “ಇವತ್ತ ಆಕಿ ಪಾಳಿ. ನಾಳೆ ಚಂದ್ರಿದು, ನಾಡದು ನಂದು.”

ಖೇಮಪ್ಪನಿಗೆ ನಂಬಿಕೆಯೇ ಬರಲಿಲ್ಲ. ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಶಿವವ್ವ ಪೈಪು ಇಸಿದುಕೊಂಡಳು. ಎರಡು ಹೆಜ್ಜೆ ಹೋಗಿ ಅದನ್ನು ಗೀತಾಂಜಲಿಯ ಕೈಯಲ್ಲಿಟ್ಟಳು. ಸೊಸೆ ಮುಖ ನೋಡಲಿಲ್ಲ, ಮಾತಾಡಲಿಲ್ಲ. ಆದರೆ ಪೈಪು ಬಿಡಲಿಲ್ಲ.

ಶಿವವ್ವ ಸಿಂಬೆ ಸುತ್ತಿ ತಲೆಯ ಮೇಲಿಟ್ಟು ಸಾಲಿಗೆ ಹೋದಳು. ಚಂದ್ರಿಬಾಯಿ ಕಾಂಕ್ರೀಟಿನ ಬುಟ್ಟಿಗೆ ಕೈ ಹಚ್ಚಿದಳು. ಎತ್ತುವ ಹೊತ್ತಿಗೆ ಸರಿಯಾಗಿ ಯಾರೋ ಸಿಮೆಂಟಿನ ಚೀಲ ಕೊಡವಿದರು. ಧೂಳು ಮೂಗಿಗಡರಿತು. ಕೆಮ್ಮು ಬಂತು, ನಿಜವಾದ ಕೆಮ್ಮು, ತಲೆಯ ಮೇಲೆ ಭಾರವಿರುವಾಗ. ಮಡಚಿಟ್ಟ ಬಟ್ಟೆ ಸಾಲಲಿಲ್ಲ. ಬೆಚ್ಚಗೆ ತೊಡೆಯಗುಂಟ ಇಳಿದು ತಿಳಿಹಸಿರು ಸೀರೆಯಲ್ಲಿ ಕಲೆ ಮೂಡಿತು. ಗಡಿಬಿಡಿಯಲ್ಲಿ ಅವತ್ತು ಗಾಢ ಬಣ್ಣದ್ದನ್ನು ಉಡುವುದನ್ನೇ ಮರೆತಿದ್ದಳು. ಎದುರಿಗೇ ಗಂಡಸರು, ಖೇಮಪ್ಪ, ಎಲ್ಲರೂ. ಬುಟ್ಟಿ ಇಳಿಸುವ ಹಾಗಿಲ್ಲ, ಓಡುವ ಹಾಗಿಲ್ಲ. ಶಿವವ್ವ ಕಣ್ಣು ಮುಚ್ಚಿದಳು.

ಸೊಂಟಕ್ಕೆ ರಪ್ಪನೆ ತಣ್ಣೀರು ಬಡಿಯಿತು.

ಬೆಚ್ಚಿ ಕಣ್ಣು ಬಿಟ್ಟಳು. ಗೀತಾಂಜಲಿ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಅವಳ ಮೇಲೆ ನೀರು ಹೊಡೆಯುತ್ತಿದ್ದಳು. ಸೊಂಟದಿಂದ ಕೆಳಗೆ ಇಡೀ ಸೀರೆ ತೊಯ್ದು ಕಾಲಿಗೆ ಸುತ್ತಿಕೊಂಡಿತು. ಅಷ್ಟಕ್ಕೇ ನಿಲ್ಲಲಿಲ್ಲ ಹುಡುಗಿ. ಪೈಪು ತಿರುಗಿಸಿ ಚಂದ್ರಿಬಾಯಿಯ ಲಂಗಕ್ಕೆ ಹೊಡೆದಳು, ಸುರೇಖಾಳಿಗೆ ಹೊಡೆದಳು, ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ಹೊಡೆದಳು. ಸೈಟಿನ ತುಂಬ ಚೀರಾಟ ಎದ್ದಿತು. ಯಾರ ಸೀರೆಯ ಕಲೆ ಯಾವುದು ಅಂತ ಹೇಳಲು ಇನ್ನು ದೇವರಿಗೂ ಸಾಧ್ಯವಿರಲಿಲ್ಲ.

“ಏ ಹುಡುಗಿ, ತಲಿ ಕೆಟ್ಟೈತೇನು?” ಅಂತ ಖೇಮಪ್ಪ ಕೂಗಿದ.

ಅವಳು ಅವನ ಕಡೆ ನೋಡಲೇ ಇಲ್ಲ. ಕೊನೆಗೆ ತನ್ನ ಸೀರೆಗೂ ನೀರು ಬಿಟ್ಟುಕೊಂಡಳು. ನಿನ್ನೆ ಸಂಜೆಯಿಂದ ಮುಚ್ಚಿದ್ದ ಬಾಯಿಯನ್ನು ಆಗ ಬಿಟ್ಟಳು. ದನಿಯಲ್ಲಿ ಸಿಟ್ಟು ಇನ್ನೂ ಪೂರ್ತಿ ಇತ್ತು.

“ಎತ್ತೂಕಿಂತ ಮೊದಲ ಎಳಕೋಬೇಕು ಅಂತ ನಿನ್ನೆ ಅಕ್ಕಾರು ಹೇಳಿದ್ರಲ್ರಿ ಅತ್ತಿ? ಒಂದ ದಿನಕ್ಕ ಮರತ್ರೇನು?”